ಕಾರಿನೊಳಗೆ ಉಳಿದ ಕರೆ

ಬೆಳಿಗ್ಗೆ ಒಂಬತ್ತೂವರೆಗೆ, ದಾವಣಗೆರೆ ದಾಟಿ ಜಗಳೂರಿನ ದಾರಿಯಲ್ಲಿ, ಕಾರಿನ ಸ್ಪೀಕರಿನಿಂದ ಮೇಘಶ್ರೀಯ ಧ್ವನಿ ಬಂತು. ಕೆಮ್ಮಿನ ಸಿರಪ್ ಎರಡು ಬಾಕ್ಸ್ ಕಳಿಸಿ ಎಂದು ಅದು ಯಾರಿಗೋ ಹೇಳುತ್ತಿತ್ತು. ಅದಕ್ಕೂ ಮುಂಚೆ ವಚನ ಬರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಅಣ್ಣ ಗುರುಬಸವರಾಜ್ ನಕ್ಕ. ಮಾವನಾಗುವವರಿಗೆ ನಿನ್ನ ಅಂಗಡಿ ವ್ಯಾಪಾರಾನೂ ಕೇಳಿಸ್ತೀಯೇನು ಎಂದ. ಕಾರು ಓಡಿಸುತ್ತಿದ್ದ ಮೇಘಶ್ರೀ ನಗಲಿಲ್ಲ.

ಹೊನ್ನಾಳಿಯಲ್ಲಿ ಔಷಧಿ ಅಂಗಡಿ ನಡೆಸುವ ಆಕೆಯ ಫೋನ್ ಎಲ್ಲ ಕರೆಗಳನ್ನೂ ತಾನೇ ರೆಕಾರ್ಡ್ ಮಾಡುತ್ತದೆ. ಆರ್ಡರಿನಲ್ಲಿ ತಕರಾರು ಬಂದರೆ ಇರಲಿ ಎಂದು ಆಕೆಯೇ ಹಾಗೆ ಇಟ್ಟಿದ್ದಳು. ಹಿಂದಿನ ಸಂಜೆ ತಾಯಿ ರುದ್ರಾಣಿ, ಬೀಗರಾಗುವವರು ವಚನ ಕೇಳುವವರು, ಕಾರಿಗೆ ನಾಲ್ಕು ವಚನ ಹಾಕು ಎಂದಿದ್ದರು. ಆಕೆ ಒಂದೊಂದೇ ಆರಿಸುವ ಗೋಜಿಗೆ ಹೋಗದೆ ಫೋನಿನ ಆಡಿಯೊವನ್ನೆಲ್ಲ ಪೆನ್‌ಡ್ರೈವ್‌ಗೆ ತುಂಬಿ, ಅಲ್ಲಿಂದ ಕಾರಿನ ಸಿಸ್ಟಮ್‌ಗೆ ಕಾಪಿ ಮಾಡಿದಳು. ವಚನಗಳ ಜೊತೆ ಕರೆಗಳೂ ಹೋದವು.

ಅವುಗಳಲ್ಲಿ ಒಂದು, ಕಳೆದ ತಿಂಗಳು ತಾಯಿ ಮಾಡಿದ ಕರೆ.

ಗುರುಬಸವರಾಜ್‌ಗೆ ಎರಡು ಸಲ ಫಿಟ್ಸ್ ಬಂದಿತ್ತು. ಮಾತ್ರೆ ನಡೆಯುತ್ತಿತ್ತು. ಸದ್ಯಕ್ಕೆ ವಾಹನ ಓಡಿಸಬೇಡಿ ಎಂದು ವೈದ್ಯರು ಹೇಳಿದ್ದರು. ಹುಡುಗಿ ಕಡೆಯವರಿಗೆ ಇದನ್ನು ತಿಳಿಸದೆ ತಾನು ಮದುವೆಯಾಗುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ತಿಳಿಸಿದ್ದೇನೆ, ಒಪ್ಪಿದ್ದಾರೆ ಎಂದು ತಾಯಿ ಅವನಿಗೆ ಹೇಳಿದ್ದರು. ತಿಳಿಸಿರಲಿಲ್ಲ. ಅದು ಮೇಘಶ್ರೀಗೆ ಗೊತ್ತಾದದ್ದು ಆ ಕರೆಯಲ್ಲಿ. ಈಗ ಅವರು ಹೊರಟಿದ್ದು, ಹುಡುಗಿ ಅರುಣಾಳ ತಂದೆ ಪಂಚಾಕ್ಷರಪ್ಪನವರನ್ನು ತಮ್ಮ ಮನೆ ನೋಡುವ ಶಾಸ್ತ್ರಕ್ಕೆ ಚನ್ನಗಿರಿಗೆ ಕರೆತರಲು.

ಪೆಟ್ರೋಲ್ ಬಂಕಿನಲ್ಲಿ ಆಕೆ ಪೆನ್‌ಡ್ರೈವ್ ಕಿತ್ತಳು. ವಚನ ನಿಲ್ಲಲಿಲ್ಲ. ಪರದೆಯ ಮೇಲೆ ಹುಡುಕಿದರೆ ಬರೀ ಕ್ರಮಸಂಖ್ಯೆ, ತಾರೀಖು, ಯಾರ ಹೆಸರೂ ಇಲ್ಲ. ಯಾವುದೆಂದು ತಿಳಿಯಲು ಒತ್ತಿ ಕೇಳಬೇಕು. ಪಕ್ಕದಲ್ಲೇ ಅಣ್ಣ ಇದ್ದ. ಆಕೆ ಸಿಸ್ಟಮ್ ಆಫ್ ಮಾಡಿದಳು.

ಜಗಳೂರಿನಲ್ಲಿ ಪಂಚಾಕ್ಷರಪ್ಪ ಮುಂದಿನ ಸೀಟಿಗೆ ಬಂದರು, ಗುರುಬಸವರಾಜ್ ಹಿಂದೆ ಹೋದ. ಊರು ದಾಟುವಷ್ಟರಲ್ಲೇ ಅವರು ತಮಾಷೆಗೆ ಇಳಿದರು.

“ತಂಗಿ ಕೈಗೆ ಗಾಡಿ ಕೊಟ್ಟು ಹಿಂದೆ ಕುಂತೀರಲ್ಲ, ಲೈಸೆನ್ಸ್ ಐತೋ ಇಲ್ಲೋ?”

“ಐತ್ರೀ. ಸದ್ಯಕ್ಕೆ ಓಡಿಸಂಗಿಲ್ಲಲ್ಲ,” ಎಂದ ಗುರುಬಸವರಾಜ್.

ಪಂಚಾಕ್ಷರಪ್ಪ ಏನೋ ಕೇಳಲು ತಿರುಗಿದರು. ಮೇಘಶ್ರೀ ನಡುವೆ ಬಾಯಿ ಹಾಕಿ ಈ ಸಲ ನಿಮ್ಮ ಕಡೆ ಮೆಕ್ಕೆಜೋಳ ಹೆಂಗೆ ಎಂದಳು. ಮೆಕ್ಕೆಜೋಳ ಮುಗಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಇದರಲ್ಲಿ ಹಾಡು ಬರಲ್ವೇನಮ್ಮ ಎಂದು ಅವರು ಕೇಳಿದರು. ಕೆಟ್ಟಿದೆ ಎಂದಳು. ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ ಎಂದು ಹಿಂದಿನಿಂದ ಅಣ್ಣ ಹೇಳಿದ. ಪಂಚಾಕ್ಷರಪ್ಪ ಬೆರಳು ಚಾಚಿ ಒತ್ತಿದರು. ಬಂತು.

ಅವರು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದರು. ಹಿಡಿಸದಿದ್ದರೆ ಮುಂದಿನದು, ಅದೂ ಬೇಡವಾದರೆ ಅದರ ಮುಂದಿನದು. ಒಂದೊಂದು ಹಾಡು ಮುಗಿದಾಗಲೂ ಮೇಘಶ್ರೀ ರಸ್ತೆ ಬಿಟ್ಟು ಪರದೆಯತ್ತ ನೋಡುತ್ತಿದ್ದಳು. ನಡುವೆ ಸ್ಪೀಕರಿನಿಂದ ಕೊರಿಯರ್‌ನವನೊಬ್ಬ ಅಂಗಡಿಯ ವಿಳಾಸ ಕೇಳಿದ. ಇವನು ಯಾವ ಶರಣನಮ್ಮ ಎಂದು ಪಂಚಾಕ್ಷರಪ್ಪ ನಕ್ಕರು. ಆಕೆ ಸಿಸ್ಟಮ್‌ನ ಸದ್ದು ತಗ್ಗಿಸಿದಳು, ಅವರು ಏರಿಸಿದರು. ದಾವಣಗೆರೆ ಕಳೆಯಿತು. ಸಂತೇಬೆನ್ನೂರಿಗೆ ಇನ್ನೂ ಸ್ವಲ್ಪ ದೂರವಿತ್ತು. ಅಲ್ಲಿ ರುದ್ರಾಣಿಯ ಧ್ವನಿ ಬಂತು.

“ಇನ್ನೂ ಹೇಳಿಲ್ಲ ಕಣೇ. ಫಿಟ್ಸ್ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ತಾಳಿ ಬಿದ್ದ ಮೇಲೆ ನೋಡಾಣ. ಬಸು ಹತ್ರ ಹೇಳೀನಿ ಅಂತ ಅಂದೀನಿ, ನೀನು ಬಾಯಿ ಬಿಡಬ್ಯಾಡ.”

ಮೇಘಶ್ರೀಯ ಕೈ ಪರದೆಯತ್ತ ಹೋಯಿತು.

“ತೆಗಿಬ್ಯಾಡ,” ಎಂದ ಗುರುಬಸವರಾಜ್. “ಪೂರ್ತಿ ಬರ್ಲಿ.”

ಉಳಿದಿದ್ದು ಸ್ವಲ್ಪ. ಆಯ್ತಮ್ಮ ಎಂದು ಆಕೆಯದೇ ಧ್ವನಿ ಹೇಳಿತು. ಹಿಂದೆಯೇ ಮುಂದಿನ ವಚನ ಶುರುವಾಯಿತು. ಆಕೆ ಕಾರನ್ನು ರಸ್ತೆ ಪಕ್ಕ ನಿಲ್ಲಿಸಿ ಸಿಸ್ಟಮ್ ಆಫ್ ಮಾಡಿದಳು.

ಪಂಚಾಕ್ಷರಪ್ಪ ಮೊದಲು ಆಕೆಯನ್ನೇ ಕೇಳಿದರು, ಗೊತ್ತಿತ್ತೇ ಎಂದು. ಗೊತ್ತಿತ್ತು ಎಂದಳು. ಆಮೇಲೆ ಹಿಂದೆ ತಿರುಗಿದರು.

“ನಿಮಗೆ ಗೊತ್ತೈತೆ ಅನ್ಕಂಡಿದ್ದೆ,” ಎಂದ ಗುರುಬಸವರಾಜ್. “ಲೈಸೆನ್ಸ್ ಕೇಳಿದಾಗ ಗೊತ್ತಿದ್ದೇ ತಮಾಷೆ ಮಾಡ್ತೀರಿ ಅನ್ಕಂಡೆ.”

ಎರಡು ಸಲ ಬಂದದ್ದನ್ನೂ, ಎಲ್ಲಿ ಬಿದ್ದೆ ಎಂಬುದನ್ನೂ, ಮಾತ್ರೆಯ ಹೆಸರನ್ನೂ ಅವನು ಹೇಳಿದ. ಕೊನೆಯದು ಯಾವಾಗ ಎಂದು ಅವರು ಕೇಳಿದರು. ಹೋದ ದೀಪಾವಳಿಗೆ ಮುಂಚೆ ಎಂದ. ಪಂಚಾಕ್ಷರಪ್ಪ ಕಿಟಕಿ ಇಳಿಸಿದರು. ಅಡಿಕೆ ಮೂಟೆ ಹೇರಿದ ಲಾರಿಯೊಂದು ಹಾರ್ನ್ ಹಾಕಿಕೊಂಡು ಹೋಯಿತು.

“ಮದುವೆ ಆಗೋಳು ನಾನಲ್ಲ,” ಎಂದರು ಕೊನೆಗೆ. “ಈಗ ಹೇಳಿದ್ದನ್ನ ಅರುಣಾಗೆ ನೀವೇ ಹೇಳ್ರಿ. ಗಾಡಿ ತಿರುಗಿಸಮ್ಮ.”

ಮೇಘಶ್ರೀ ಕಾರನ್ನು ಜಗಳೂರಿನ ಕಡೆ ತಿರುಗಿಸಿದಳು. ದಾರಿಯಲ್ಲಿ ಯಾರೂ ಸಿಸ್ಟಮ್ ಮುಟ್ಟಲಿಲ್ಲ. ಊಟದ ಹೊತ್ತಿಗೆ ಮೇಘಶ್ರೀಯ ಫೋನಿನ ಮೇಲೆ ಮತ್ತೆ ಮತ್ತೆ ‘ಅಮ್ಮ’ ಎಂದು ಬಂತು. ಯಾರೂ ಕರೆ ತೆಗೆಯಲಿಲ್ಲ. ಚನ್ನಗಿರಿಯ ಮನೆಯನ್ನು ಅಂದು ಯಾರೂ ನೋಡಲಿಲ್ಲ.

ಮುಂದಿನ ವಾರ ಗುರುಬಸವರಾಜ್ ಬಸ್ಸಿನಲ್ಲಿ ದಾವಣಗೆರೆಯ ವೈದ್ಯರ ಬಳಿ ಹೋದಾಗ, ಅರುಣಾ ಜಗಳೂರಿನಿಂದ ಅಲ್ಲಿಗೆ ಬಂದಿದ್ದಳು.