ಬೆನ್ನ ಕೆಳಗಿನ ಕಂಬಳಿ

೨೦೧೧ನೇ ಇಸವಿ ನವೆಂಬರ್ ೧೪, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮೈಲಾರಪ್ಪ ನನ್ನನ್ನು ಮಗ್ಗದಿಂದ ಕತ್ತರಿಸಿ ತೆಗೆದದ್ದು ಆಗ. ನಾನೊಂದು ಕರಿಕಂಬಳಿ. ಕಂಬಳಿಗೆ ಗಂಟೆ, ನಿಮಿಷ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಾನು ಹುಟ್ಟುವಾಗ ಮಗ್ಗದ ಗುಂಡಿಯ ಅಂಚಿನಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ನಿಂತಿದ್ದರು. ಬರೆಯುವುದನ್ನೆಲ್ಲ ತುಟಿಯಲ್ಲಿ ಗುನುಗುತ್ತಾ ಬರೆಯುವುದು ಅವರ ಅಭ್ಯಾಸ. ನನ್ನ ಜೀವನದ ಲೆಕ್ಕವೆಲ್ಲ ನಾನು ಕೇಳಿಸಿಕೊಂಡದ್ದು ಹಾಗೆ.

ಅವರು ಸರ್ವಮಂಗಳಾ ಮೇಡಂ, ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು. ಚೀಲದಿಂದ ಸ್ಟೀಲ್ ಸ್ಕೇಲು ತೆಗೆದು ನನ್ನ ಅಂಚಿಗೆ ಹಿಡಿದರು. "ದಪ್ಪ ಐದು ಮಿಲಿಮೀಟರ್" ಎಂದು ಗುನುಗಿದರು. ಆಮೇಲೆ ನನ್ನನ್ನು ಮೂಸಿ ನೋಡಿದರು. ನೂಲಿಗೆ ಹಚ್ಚಿದ್ದ ಹುಣಸೆಬೀಜದ ಗಂಜಿ ಇನ್ನೂ ಹಸಿ ವಾಸನೆ ಬೀರುತ್ತಿತ್ತು.

ಮಗ್ಗಕ್ಕೆ ಕಟ್ಟಿದ್ದ ಅದೇ ಹಾಸುನೂಲಿನಲ್ಲಿ ನನ್ನ ಜೊತೆಗೇ ಇನ್ನೊಂದು ಕಂಬಳಿಯೂ ನೇಯ್ದಾಗಿತ್ತು. ಮೈಲಾರಪ್ಪನ ಹೆಂಡತಿ ಮಾಳವ್ವ ಅದನ್ನೂ ಎತ್ತಿ ತೋರಿಸಿದಳು. "ಜೋಡಿ ಒಯ್ಯವ್ವಾ. ಒಂದು ಒಯ್ದು ಏನ್ ಮಾಡ್ತೀಯ?"

"ಒಂದು ಸಾಕಮ್ಮ" ಎಂದರು ಮೇಡಂ. "ಒಬ್ಬರಿಗೆ ಇರಬೇಕು, ಇನ್ನೊಬ್ಬರಿಗೆ ಇರಬಾರದು. ಆಗಲೇ ವ್ಯತ್ಯಾಸ ತಿಳಿಯೋದು."

ಮಾಳವ್ವನಿಗೆ ಅದು ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ಮೇಡಂ ಹಿಡಿದಿದ್ದ ಕೆಲಸ ಒಳ್ಳೆಯದೇ. ಚಿಕ್ಕಮಗಳೂರಿನ ಕಡೆಯ ಒಂದು ಬೆಟ್ಟದಲ್ಲಿ ಕಾಡು ಕಾಯುವ ಜನ ರಾತ್ರಿ ಹೊರಗೇ ಮಲಗುತ್ತಿದ್ದರು. ನೆಲವೆಲ್ಲ ಇಳಿಜಾರು, ಒದ್ದೆ, ಜಿಗಣೆ. ಯಾರೋ ಪುಣ್ಯಾತ್ಮರು ಅವರಿಗೆ ಮರಕ್ಕೆ ಕಟ್ಟುವ ನೈಲಾನ್ ಜೋಲಿಗಳನ್ನು ಕೊಟ್ಟಿದ್ದರು. ಜಿಗಣೆ ತಪ್ಪಿತು, ಚಳಿ ಹೆಚ್ಚಾಯಿತು. ಮೇಲೆ ಎಷ್ಟು ಹೊದ್ದರೂ ಬೆನ್ನು ಮರಗಟ್ಟುತ್ತದೆ ಎಂದು ಅವರ ದೂರು. ಜೋಲಿಯ ಕೆಳಗೂ ಗಾಳಿ ಆಡುತ್ತದಲ್ಲ! ಬೆನ್ನಿಗೆ ಏನು ಕೊಡಬೇಕು ಎಂದು ಪರೀಕ್ಷೆ ಮಾಡಿ ವರದಿ ಬರೆಯುವುದು ಮೇಡಂ ಪಾಲಿಗೆ ಬಂದಿತ್ತು.

ಅವರ ಜೊತೆಗೆ ಹೋಗುತ್ತಿದ್ದವನು ಓಬಳೇಶಪ್ಪ, ಅವರ ಪ್ರಯೋಗಶಾಲೆಯ ಅಟೆಂಡರ್. ಐವತ್ತೆರಡು ದಾಟಿದ್ದ. ದಪ್ಪ ಮೀಸೆ, ಸಣ್ಣ ಕಾಲು. ಮೊದಲ ಸಲ ಜೋಲಿಯಲ್ಲಿ ಮಲಗಿದಾಗ ಅವನು ಹೇಳಿದ್ದನ್ನು ಪ್ರಯೋಗಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ: "ನಮ್ಮವ್ವ ತೂಗಿದ್ಲು, ಈಗ ಮೇಡಂ ತೂಗ್ತಾವ್ರೆ. ಜೋಗುಳ ಒಂದು ಬಾಕಿ ಐತೆ."

ಡಿಸೆಂಬರಿನಲ್ಲಿ ಅವರಿಬ್ಬರೂ ಎರಡು ಸಲ ಬೆಟ್ಟಕ್ಕೆ ಹೋಗಿ ಬಂದರು. ಮೊದಲ ಸಲ ಮೇಡಂ ತಮ್ಮ ಜೋಲಿಯೊಳಗೆ ಫೋಮ್ ಶೀಟು ಹಾಸಿಕೊಂಡರು. ಅದು ಮಗ್ಗುಲಾದಾಗಲೆಲ್ಲ ಜಾರಿತು, ಜಾರದಿದ್ದಾಗ ಬೆವರಿಸಿತು. ಎರಡನೆಯ ಸಲ ಹತ್ತಿಯ ರಜಾಯಿ. ಮೈಭಾರಕ್ಕೆ ಅದು ರೊಟ್ಟಿಯ ಹಾಗೆ ತಟ್ಟಿಕೊಂಡು, ಮಂಜು ಹೀರಿ ಒದ್ದೆಯಾಯಿತು. ಎರಡೂ ಸಲ ಓಬಳೇಶಪ್ಪನ ಜೋಲಿ ಬರಿದು. ಮೇಲೆ ಹೊದೆಯುವ ಸ್ಲೀಪಿಂಗ್ ಬ್ಯಾಗು ಮಾತ್ರ. ಎರಡೂ ಸಲ ಅವನು ನಡುರಾತ್ರಿಯಲ್ಲಿ ಎದ್ದು ಹೋಗಿ ಅಡುಗೆ ಒಲೆಯ ಮುಂದೆ ಕುಳಿತ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಅವನ ಸಾಲುಗಳು ಅರ್ಧಕ್ಕೇ ನಿಂತಿದ್ದವು.

ಮೂರನೆಯ ಸರದಿ ನನ್ನದು. ಜನವರಿ ಏಳನೇ ತಾರೀಖು ಸಂಜೆ, ೧,೭೪೦ ಮೀಟರ್ ಎತ್ತರದಲ್ಲಿ, ಎರಡು ಮರಗಳ ನಡುವೆ. ಮೇಡಂ ನನ್ನನ್ನು ಜೋಲಿಯೊಳಗೆ ಹಾಸಲಿಲ್ಲ, ಹೊದೆಯಲೂ ಇಲ್ಲ. ನನ್ನ ನಾಲ್ಕು ಮೂಲೆಗೆ ದಾರ ಕಟ್ಟಿ ಜೋಲಿಯ ಕೆಳಗೆ, ಹೊರಗಡೆ, ಇನ್ನೊಂದು ಜೋಲಿಯ ಹಾಗೆ ತೂಗುಬಿಟ್ಟರು.

ನನಗೆ ಗಾಬರಿಯಾಯಿತು. ಕಂಬಳಿ ಎಂದರೆ ಮೇಲಿರುವುದು. ಕುರಿ ಕಾಯುವವರ ತಲೆಯ ಮೇಲೆ ಕೊಪ್ಪೆಯಾಗಿ, ಮಲಗಿದವರ ಎದೆಯ ಮೇಲೆ ಹೊದಿಕೆಯಾಗಿ ಇರಬೇಕಾದವಳು ನಾನು. ಅಡಿಯಲ್ಲಿ, ಯಾರನ್ನೂ ಮುಟ್ಟದೆ ಸುಮ್ಮನೆ ನೇತಾಡಿದರೆ ಯಾರಿಗೆ ಏನು ಉಪಯೋಗ?

"ನೋಡಿ ಓಬಳೇಶಪ್ಪ" ಎಂದರು ಮೇಡಂ. "ಬೆಚ್ಚಗಿಡೋದು ಉಣ್ಣೆ ಅಲ್ಲ. ಉಣ್ಣೆ ಎಳೆಗಳ ನಡುವೆ ಸಿಕ್ಕಿಕೊಂಡಿರೋ ಗಾಳಿ. ನಾವು ಮೇಲೆ ಮಲಗಿ ಅದುಮಿಬಿಟ್ಟರೆ ಆ ಗಾಳಿ ಹೊರಟುಹೋಗುತ್ತೆ. ಅದಕ್ಕೇ ಕೆಳಗೆ ಕಟ್ಟಿರೋದು."

"ಹಂಗಾದ್ರೆ ನಂಗೂ ಒಂದು ಗಾಳಿ ತರಬಹುದಿತ್ತು ಮೇಡಂ."

ಮೇಡಂ ನಕ್ಕರು. "ನಿಮ್ಮ ಹತ್ತಿರ ಇಲ್ಲದೆ ಇದ್ದರೇ ಹೋಲಿಕೆ. ಈ ಸಲ ಒಂದು ಮಾತು ನಡೆಸಿಕೊಡಿ. ಬೆಳಗಿನ ಜಾವ ಐದರವರೆಗೆ ಜೋಲಿ ಬಿಟ್ಟು ಒಲೆ ಹತ್ತಿರ ಹೋಗಿ ಕೂರಬೇಡಿ. ಮತ್ತೆ ರೀಡಿಂಗ್ ಕೆಡುತ್ತೆ."

"ಹೋಗಲ್ಲ ಬಿಡ್ರಿ. ನಾನು ಗಟ್ಟಿ ಆಳು."

ಇಬ್ಬರೂ ಮಲಗಿದರು. ಮೇಲೆ ನೋಡಿದರೆ ನನಗೆ ಕಾಣುತ್ತಿದ್ದದ್ದು ಮೇಡಂ ಬೆನ್ನು ಮಾತ್ರ. ತೆಳ್ಳನೆಯ ನೈಲಾನಿನಲ್ಲಿ ಬೆನ್ನುಮೂಳೆಯ ಸಾಲು, ಎರಡು ಭುಜದ ಎಲುಬು. ಸ್ವಲ್ಪ ಹೊತ್ತಿಗೆ ಆ ಬೆನ್ನಿನ ಬಿಸಿ ನನ್ನವರೆಗೆ ಇಳಿಯಿತು. ನಾನು ಅದನ್ನು ಹಿಡಿದುಕೊಂಡೆ. ಕೆಳಗಿನಿಂದ ಗಾಳಿ ನನ್ನನ್ನು ಇರಿಯುತ್ತಿತ್ತು, ಆದರೆ ನಾನು ಅದನ್ನು ಮೇಲಕ್ಕೆ ಬಿಡಲಿಲ್ಲ. ಆಹಾ, ನಾನು ಎಷ್ಟು ಹೆಮ್ಮೆಪಟ್ಟೆ! ಗಂಟೆಗೊಮ್ಮೆ ಮೇಡಂ ಟಾರ್ಚ್ ಹಾಕಿ ಎರಡು ಥರ್ಮಾಮೀಟರುಗಳನ್ನು ಓದಿ ಗುನುಗುತ್ತಿದ್ದರು. ಅವುಗಳ ತಂತಿಗಳು ಇಬ್ಬರ ಬೆನ್ನಿನ ಕೆಳಗೂ ಹೋಗಿದ್ದವು. ಹೊರಗಿನ ಚಳಿ ಅಳೆಯಲು ಮೂರನೆಯದೊಂದು ಮರಕ್ಕೆ ನೇತಾಡುತ್ತಿತ್ತು. "ಹನ್ನೊಂದು ಗಂಟೆ. ನನ್ನದು ಮೂವತ್ತೆರಡು, ಓಬಳೇಶ ಇಪ್ಪತ್ತಾರು." "ಎರಡು ಗಂಟೆ. ನನ್ನದು ಮೂವತ್ತೊಂದೂವರೆ, ಓಬಳೇಶ ಇಪ್ಪತ್ತೆರಡು. ನಡುಕ ಇದೆ."

ನಡುಕ ಇದೆ. ಹಾಗೆಂದು ಬರೆದುಕೊಂಡು ಟಾರ್ಚ್ ಆರಿಸಿದರು. ಪಕ್ಕದ ಜೋಲಿ ಆರಡಿ ದೂರದಲ್ಲಿತ್ತು. ಅದರ ಹಗ್ಗ ಕಿರ್ ಕಿರ್ ಎನ್ನುವುದು ನನಗೆ ಬಿಡದೆ ಕೇಳುತ್ತಿತ್ತು. ಗಾಳಿಗೆ ಮರ ಅಲುಗುತ್ತಿದೆ ಎಂದುಕೊಂಡೆ. ಆದರೆ ನಮ್ಮ ಹಗ್ಗ ಸುಮ್ಮನಿತ್ತು.

"ನಾಲ್ಕು ಗಂಟೆ. ಹೊರಗೆ ಆರು ಪಾಯಿಂಟ್ ಎಂಟು. ನನ್ನದು ಮೂವತ್ತೊಂದು, ಓಬಳೇಶ ಹತ್ತೊಂಬತ್ತು." ಆ ಸಂಖ್ಯೆ ಓದುವಾಗ ಮೇಡಂ ದನಿಯಲ್ಲಿ ಸಂತೋಷವಿತ್ತು. ಪರೀಕ್ಷೆ ಗೆದ್ದಿತ್ತು. "ಓಬಳೇಶಪ್ಪ, ಇನ್ನೊಂದೇ ಗಂಟೆ" ಎಂದರು. ಆ ಕಡೆಯಿಂದ "ಹ್ಞೂಂ" ಎಂದು ಬಂತು. ಅದು ಅವನ ದನಿಯ ಹಾಗಿರಲಿಲ್ಲ. ಮೇಡಂ ಬೆನ್ನು ಬೆಚ್ಚಗಿತ್ತು. ಅವರಿಗೆ ನಿದ್ದೆ ಹತ್ತಿತು.

ಆಮೇಲಿನದನ್ನು ಕಂಡದ್ದು ನಾನೊಬ್ಬಳೇ.

ಓಬಳೇಶಪ್ಪ ಮೆಲ್ಲಗೆ ಕಾಲು ಕೆಳಗಿಟ್ಟ. ಎರಡು ಸಲ ಮುಗ್ಗರಿಸಿದ. ಒಲೆಯ ಹತ್ತಿರ ಹೋದ, ಆದರೆ ಕೂರಲಿಲ್ಲ. ಕೂರುವುದಿಲ್ಲ ಎಂದು ಮಾತು ಕೊಟ್ಟಿದ್ದನಲ್ಲ. ಒಲೆಯ ಕೆಂಡವನ್ನೆಲ್ಲ ಬಾಂಡ್ಲಿಗೆ ತೋಡಿಕೊಂಡು ಬಂದು ತನ್ನ ಜೋಲಿಯ ಕೆಳಗಿಟ್ಟ. ಅವರ ಕಡೆ ಹೆರಿಗೆಯಾದ ಮನೆಯಲ್ಲಿ ಹಾಗೆ ಮಾಡುತ್ತಾರೆ. ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟರೆ ಬೆನ್ನಿಗೆ ಕಾವು. ಮತ್ತೆ ಜೋಲಿ ಹತ್ತಿ ಮಲಗಿದ. ಹಗ್ಗದ ಕಿರ್ ಕಿರ್ ನಿಂತಿತು. ಅಬ್ಬ, ಸದ್ಯ ಎಂದುಕೊಂಡೆ.

ಹಸಿ ಕಟ್ಟಿಗೆಯ ಒಂದು ಕೆಂಡ ಚಟ್ ಎಂದು ಸಿಡಿಯಿತು.

ಸಿಡಿದ ಕಿಡಿ ನೈಲಾನಿಗೆ ಅಂಟಿತು. ಅಲ್ಲಿ ಕಾಸಿನಗಲದ ತೂತು. ತೂತಿನ ಅಂಚು ಕರಗಿ, ಮೈಭಾರಕ್ಕೆ ಪರ್ರನೆ ಉದ್ದಕ್ಕೆ ಹರಿಯಿತು. ಓಬಳೇಶಪ್ಪ ಸ್ಲೀಪಿಂಗ್ ಬ್ಯಾಗಿನ ಸಮೇತ ಬಾಂಡ್ಲಿಯ ಮೇಲೆ ಬಿದ್ದ. ಬ್ಯಾಗು ಹೊತ್ತಿಕೊಂಡಿತು. ಅಂಥ ಬೆಂಕಿ ನಾನು ನೋಡಿರಲಿಲ್ಲ. ಅದು ಉರಿಯುತ್ತಾ ತೊಟ್ಟಿಕ್ಕುತ್ತಿತ್ತು.

ಅವನ ಕೂಗಿಗೆ ಮೇಡಂ ಎದ್ದರು. ಎದ್ದವರು ಹಾಗೇ ನಿಂತುಬಿಟ್ಟರು. ಎಷ್ಟು ಹೊತ್ತು? ಎರಡು ಕ್ಷಣ ಇರಬಹುದು. ಆ ಎರಡು ಕ್ಷಣ ಮಾತ್ರ ಅವರು ಎಲ್ಲೂ ಬರೆದಿಲ್ಲ. ಆಮೇಲೆ ನನ್ನನ್ನು ಕಿತ್ತರು. ದಾರ ಬಿಚ್ಚಲಿಲ್ಲ, ಮೂಲೆಗಳು ಹರಿದೇ ಬಂದವು. ಅವನನ್ನು ಪಕ್ಕಕ್ಕೆ ಉರುಳಿಸಿ, ನನ್ನನ್ನು ಅವನ ಮೇಲೆ ಹಾಕಿ, ತಾವೂ ನನ್ನ ಮೇಲೆ ಬಿದ್ದರು.

ಉಣ್ಣೆ ಹೊತ್ತಿ ಉರಿಯುವುದಿಲ್ಲ. ಕರಕಾಗುತ್ತದೆ, ಅಷ್ಟೆ. ಕೂದಲು ಸುಟ್ಟ ವಾಸನೆ ಎದ್ದಿತು. ನನ್ನ ನಡುವೆ ಒಂದು ಕಡೆ ನಾನೇ ಇಲ್ಲವಾದೆ. ಬೆಂಕಿ ಆರಿತು. ಮೇಡಂ ಕ್ಯಾನಿನಲ್ಲಿದ್ದ ಕುಡಿಯುವ ನೀರಷ್ಟನ್ನೂ ಅವನ ಬೆನ್ನಿಗೆ ಸುರಿದರು.

"ಏಳಬೇಡಿ ಅಂದಿದ್ದೆನಲ್ಲ, ಏನು ಮಾಡಿಬಿಟ್ಟಿರಿ ಓಬಳೇಶಪ್ಪ!" ಎಂದು ಅಳುತ್ತಿದ್ದರು.

ಓಬಳೇಶಪ್ಪ ಬೋರಲು ಮಲಗಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. "ಒಲೆ ಹತ್ರ ಹೋಗಬ್ಯಾಡ ಅಂದ್ರಲ್ಲ ಮೇಡಂ" ಎಂದ. "ಅದಕ್ಕೆ ಒಲೇನೇ ಕರಕೊಂಡ್ ಬಂದೆ."

ಮೇಡಂ ಅಳು ಅಲ್ಲಿಗೇ ನಿಂತಿತು.

ಕೂಗು ಕೇಳಿ ಕಾವಲಿನವರು ಬಂದು, ಒದ್ದೆ ಪಂಚೆ ಹೊದಿಸಿ, ನನ್ನನ್ನೇ ಡೋಲಿ ಮಾಡಿಕೊಂಡು ಅವನನ್ನು ಬೆಟ್ಟದಿಂದ ಇಳಿಸಿದರು. ಅವನು ಬೋರಲಾಗಿದ್ದ. ಹಾಗಾಗಿ ದಾರಿಯುದ್ದಕ್ಕೂ ನನಗೆ ಅವನ ಮುಖ ಕಾಣಿಸಿತು. ಮನುಷ್ಯನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಅವನ ಹೆಂಡತಿ ದ್ಯಾಮಕ್ಕ ಮೊದಲು ಗಂಡನನ್ನು ಬೈದಳು. "ಬಾಣಂತಿ ಮಂಚಕ್ಕೆ ನುಲಿ ಹಗ್ಗ ಇರ್ತೈತೆ ಕಣಯ್ಯಾ, ಪ್ಲಾಸ್ಟಿಕ್ ಇರ್ತೈತಾ? ಮೂರು ಮಕ್ಕಳು ಹೆತ್ತು ಕೊಟ್ಟೀನಿ, ಒಂದು ದಿನಾನಾದ್ರೂ ಒಳಗೆ ಬಂದು ನೋಡಿದ್ಯಾ ಹೆಂಗೆ ಇಡ್ತಾರೆ ಅಂತ?" ಓಬಳೇಶಪ್ಪ ದಿಂಬಿನಲ್ಲಿ ಮುಖ ಇಟ್ಟುಕೊಂಡೇ ನಕ್ಕ, ನಕ್ಕಿದ್ದಕ್ಕೆ ನೋವಾಗಿ ನರಳಿದ.

ಆಮೇಲೆ ದ್ಯಾಮಕ್ಕ ಮಂಚದ ಕೆಳಗೆ ಬಿದ್ದಿದ್ದ ನನ್ನನ್ನು ಎತ್ತಿ ಬಿಡಿಸಿದಳು. ನಡುವಿನ ತೂತಿನೊಳಗಿಂದ ಮೇಡಂ ಕಡೆ ನೋಡಿದಳು.

"ಮೇಡಮ್ಮೋರೇ, ನಂಗೊಂದು ತಿಳೀಲಿಲ್ಲ. ಹೋದೋರು ಇಬ್ರು. ಕಂಬಳಿ ಯಾಕೆ ಒಂದೇ ಒಯ್ದಿದ್ರಿ?"

ಮೇಡಂ ಹತ್ತಿರ ಉತ್ತರವಿತ್ತು. ಮಾಳವ್ವನಿಗೆ ಹೇಳಿದ್ದರಲ್ಲ, ಅದೇ ಉತ್ತರ. ಅದನ್ನು ಹೇಳುವ ಬದಲು ಅವರು ನನ್ನನ್ನು ದ್ಯಾಮಕ್ಕನ ಕೈಯಿಂದ ತೆಗೆದುಕೊಂಡು ಮಡಿಸಿದರು. ನನಗೂ ಆಗಲೇ ಹೊಳೆದದ್ದು. ಆ ರಾತ್ರಿಯೆಲ್ಲ ನಾನು ಹೆಮ್ಮೆಪಟ್ಟ ಬಿಸಿ ಎಷ್ಟೆಂದು ತಿಳಿಯಲು, ಆರಡಿ ದೂರದಲ್ಲಿ ಒಬ್ಬ ಮನುಷ್ಯ ಹೆಪ್ಪುಗಟ್ಟಬೇಕಾಗಿತ್ತು. ನನ್ನ ಜೊತೆ ಹುಟ್ಟಿದ ಕಂಬಳಿ ಆ ಹೊತ್ತಿಗೆ ಮೈಲಾರಪ್ಪನ ಅಟ್ಟದಲ್ಲಿ ಯಾರಿಗೂ ಬೇಡವಾಗಿ ಮಡಿಸಿ ಬಿದ್ದಿತ್ತು.

ಮಾರ್ಚ್ ತಿಂಗಳಲ್ಲಿ ಮೇಡಂ ವರದಿ ಬರೆದರು. ನಾನು ಕಂಪ್ಯೂಟರಿನ ಪಕ್ಕದಲ್ಲೇ ಇದ್ದೆ. ಫೋಮ್ ಬೇಡ, ರಜಾಯಿ ಬೇಡ. ಜೋಲಿಯ ಹೊರಗೆ, ಅಡಿಯಲ್ಲಿ, ನಾಲ್ಕು ಬೆರಳು ಸಡಿಲ ಬಿಟ್ಟು ಉಣ್ಣೆ ಕಂಬಳಿ ಕಟ್ಟಬೇಕು. ಜೋಲಿಯ ಹತ್ತಿರ ಬೆಂಕಿ ಇಡಲೇಬಾರದು. ಎಲ್ಲವೂ ಸರಿಯಾಗಿತ್ತು. ಕಾವಲಿನವರಿಗೆಲ್ಲ ಕಂಬಳಿ ಸಿಕ್ಕಿತು, ಬೆನ್ನು ಬೆಚ್ಚಗಾಯಿತು ಎಂದು ಅವರು ಹೇಳಿ ಕಳಿಸಿದರು. ವರದಿಯ ಪಟ್ಟಿಯಲ್ಲಿ ನಾಲ್ಕು ಗಂಟೆಯ ಸಾಲಿನಲ್ಲಿ ಮೂವತ್ತೊಂದು, ಹತ್ತೊಂಬತ್ತು ಎಂದಿತ್ತು. ಐದು ಗಂಟೆಯ ಸಾಲೇ ಇರಲಿಲ್ಲ. ಮೇಡಂ ಆ ಜಾಗಕ್ಕೆ ಬಂದಾಗ ಗುನುಗುವುದನ್ನು ನಿಲ್ಲಿಸಿದ್ದರು.

ನನ್ನನ್ನು ಪ್ರಯೋಗಶಾಲೆಯ ಮರದ ಬೀರುವಿನಲ್ಲಿ ಇಟ್ಟರು, ಆ ನೋಟ್‌ಬುಕ್ಕಿನ ಮೇಲೆ. ಓಬಳೇಶಪ್ಪ ನಾಲ್ಕು ತಿಂಗಳಿಗೆ ಕೆಲಸಕ್ಕೆ ಬಂದ. ದಿನಾ ಬೀರು ತೆಗೆದು ಮಸೂರ, ಕಾಂತ, ತಂತಿಗಳನ್ನು ಕೊಡುತ್ತಿದ್ದ. ಬೇಸಿಗೆಗೊಮ್ಮೆ ನನ್ನನ್ನು ಬಿಸಿಲಿಗೆ ಹಾಕಿ ನುಸಿ ಕೊಡವುತ್ತಿದ್ದ. ಅವರಿಬ್ಬರೂ ಆ ರಾತ್ರಿಯ ಮಾತು ಆಡಲಿಲ್ಲ. ಏಳು ವರ್ಷ ಹೀಗೇ ಹೋಯಿತು. ನನ್ನ ಎಳೆ ಸಡಿಲವಾಯಿತು, ಹುಣಸೆಬೀಜದ ಬಿಗಿ ಹೋಗಿ ಮೆತ್ತಗಾದೆ.

೨೦೧೯ರ ಮೇ ೩೧ರಂದು ಓಬಳೇಶಪ್ಪ ನಿವೃತ್ತನಾದ. ಹಾರ ಹಾಕಿಸಿಕೊಂಡು, ಬೀರುವಿನ ಬೀಗದ ಕೈ ಒಪ್ಪಿಸಲು ಪ್ರಯೋಗಶಾಲೆಗೆ ಬಂದ. ಮೇಡಂ ಆಗಲೇ ತಮ್ಮಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬೀರು ತೆಗೆದು, ನನ್ನನ್ನೂ ನೋಟ್‌ಬುಕ್ಕನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

"ಓಬಳೇಶಪ್ಪ, ಐದು ಗಂಟೆಯ ಸಾಲು ಖಾಲಿ ಉಳಿದಿದೆ."

ಅವನು ಬಗ್ಗಿ ನೋಡಿದ. "ಹೌದಲ್ವಾ. ನಾಲ್ಕಕ್ಕೇ ನಿಂತೈತೆ."

"ಎರಡು ಕಂಬಳಿ ತರಬೇಕಿತ್ತು."

ಪರವಾಗಿಲ್ಲ ಬಿಡಿ ಮೇಡಂ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಹಾಗೆನ್ನಲಿಲ್ಲ.

"ಹೂಂ, ತರಬೇಕಿತ್ತು" ಎಂದ. ಹಾರ ತೆಗೆದು ಮೇಜಿನ ಮೇಲಿಟ್ಟ. ಅಂಗಿಯ ಗುಂಡಿ ಬಿಚ್ಚಿ ಅದನ್ನು ಬೆನ್ನಿನಿಂದ ಕೆಳಗಿಳಿಸಿ, ಸ್ಟೂಲಿನ ಮೇಲೆ ಆ ಕಡೆ ತಿರುಗಿ ಕುಳಿತ. "ನನ್ ಮೈಯಾಗೆ ಎಲ್ಲಾ ಅಳೆದ್ರಿ. ಅದೊಂದು ಯಾಕೆ ಬಿಡ್ತೀರಿ? ಅಳೀರಿ, ತುಂಬಿಸ್ರಿ."

ಮೇಡಂ ಸ್ಟೀಲ್ ಸ್ಕೇಲು ತೆಗೆದರು. ನನ್ನನ್ನು ಅಳೆದದ್ದು ಇದೇ ಸ್ಕೇಲು. ಮುಟ್ಟಿಸಿದ ಕೂಡಲೇ ಅವನ ಬೆನ್ನು ಹಿಂಜರಿಯಿತು. "ತಣ್ಣಗೈತೆ ಮೇಡಂ!"

ಮೇಡಂ ಸ್ಕೇಲನ್ನು ನನ್ನ ಮಡಿಕೆಯೊಳಗಿಟ್ಟು, ಮೇಲಿಂದ ಎರಡೂ ಅಂಗೈ ಒತ್ತಿ ಹಿಡಿದುಕೊಂಡರು. ನಾನು ಮುದಿಯಾಗಿದ್ದೆ, ನಡುವೆ ತೂತಾಗಿದ್ದೆ. ಆದರೂ ಆ ಕೈಗಳ ಬಿಸಿಯನ್ನು ಹಿಡಿದು ಸ್ಕೇಲಿಗೆ ಕೊಟ್ಟೆ. ಇಬ್ಬರಿಗೂ ಸೇರಿ ನಾನು ಮಾಡಿದ ಕೆಲಸ ಅದೊಂದೇ.

ಬೆಚ್ಚಗಾದ ಸ್ಕೇಲನ್ನು ಮೇಡಂ ಅವನ ಬೆನ್ನಿಗಿಟ್ಟು, ಕನ್ನಡಕ ಸರಿಮಾಡಿಕೊಂಡು ಓದಿದರು. ಐದು ಗಂಟೆಯ ಸಾಲಿನಲ್ಲಿ ಗುನುಗುತ್ತಾ ಬರೆದರು. ಓಬಳೇಶಪ್ಪನ ಬೆನ್ನಿನ ಸುಟ್ಟ ಕಲೆ, ಉದ್ದ ಹದಿನಾರು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್.