ಬುಟ್ಟಿಗೆ ಹಾಕದ ಒಂದು ಫೋನ್

ಕೊಲ್ಲಮೊಗ್ರಿನ ನಮ್ಮ ಬದಿಯಲ್ಲಿ ಮೊಬೈಲ್ ಇಲ್ಲದ ಮನೆ ಇಲ್ಲ, ಮನೆಯೊಳಗೆ ರೇಂಜ್ ಸಿಗುವ ಮೊಬೈಲೂ ಇಲ್ಲ. ಮಾತಾಡಬೇಕಾದರೆ ರಬ್ಬರ್ ಗುಡ್ಡೆ ಹತ್ತಬೇಕು, ಇಲ್ಲವೇ ಬಸ್ ತಂಗುದಾಣದ ತನಕ ನಡೆಯಬೇಕು. ಹಾಗಾಗಿ ಯಾರು ಯಾರಿಗೆ ಫೋನ್ ಮಾಡಿದರು, ಯಾವ ಅತ್ತೆ ಯಾವ ಸೊಸೆಯನ್ನು ಬೈದಳು ಎಂಬುದು ಊರಿಗೆಲ್ಲ ಗೊತ್ತು. ಗುಟ್ಟು ಅಂತ ಏನಾದರೂ ಉಳಿದಿದ್ದರೆ ಅದು ಫೋನಿನ ಒಳಗೆ ಮಾತ್ರ ಎಂದು ನಾವು ಹೆಂಗಸರೆಲ್ಲ ನಂಬಿಕೊಂಡಿದ್ದೆವು. ನೆಬೀಸಳ ಮನೆಯಲ್ಲಿ ನಡೆದದ್ದನ್ನು ಕೇಳಿದ ಮೇಲೆ ಆ ನಂಬಿಕೆಯೂ ಹೋಯಿತು.

ನೆಬೀಸಳ ಮನೆ ಗುಡ್ಡೆಯ ಕೆಳಗೆ. ಗಂಡ ಶಿಹಾಬ್ ದುಬೈಯಲ್ಲಿ ಅಂಗಡಿ ಕೆಲಸದಲ್ಲಿದ್ದಾನೆ. ಪುತ್ತೂರಿಗೆ ಮದುವೆಯಾಗಿ ಹೋಗಿದ್ದ ಮಗಳು ಜುವೈರಿಯಾ ಚೊಚ್ಚಲ ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ಬಂದವಳಿಗೆ ಒಂದೇ ಹಠ, ಅಜ್ಜಿಯ ತೊಟ್ಟಿಲ ಹಾಡು ಬೇಕು. ನೆಬೀಸಳ ತಾಯಿ ತೀರಿಕೊಳ್ಳುವ ಮೊದಲು ಬ್ಯಾರಿ ಭಾಷೆಯಲ್ಲಿ ಹಾಡಿದ್ದನ್ನು ಸಂಬಂಧಿಕರೊಬ್ಬರು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರು. ಕೇಳಬೇಕೆಂದರೆ ಪ್ರತಿ ಸಲ ಗುಡ್ಡೆ ಹತ್ತಬೇಕು. ತುಂಬಿದ ಬಸುರಿಯನ್ನು ಗುಡ್ಡೆ ಹತ್ತಿಸುವುದುಂಟೇ? ಹಾಡನ್ನು ಫೋನಿಗೇ ಇಳಿಸಿಕೊಂಡರೆ ಮನೆಯಲ್ಲೇ ಕೇಳಬಹುದು ಎಂದು ನೆಬೀಸ ಯೋಚಿಸಿದಳು. ವಿಡಿಯೋ ಹಾಕಿದವರನ್ನು ಕೇಳಿದಳು. ಅವರೂ ಧಾರಾಳವಾಗಿ ತೆಗೆದುಕೊ ಎಂದರು. ಇಲ್ಲಿಯ ತನಕ ಅವಳದ್ದು ಏನೂ ತಪ್ಪಿಲ್ಲ.

ಈಗ ನಮ್ಮ ಗಲ್ಫ್ ಮನೆಗಳ ಒಂದು ಅಭ್ಯಾಸ ಹೇಳಬೇಕು. ಅಲ್ಲಿಂದ ಮುಖ ನೋಡಿ ಮಾತಾಡಲು ಎಲ್ಲ ಆಪ್‌ಗಳೂ ನಡೆಯುವುದಿಲ್ಲ. ಒಂದು ನಿಂತರೆ ಗಂಡ ಇನ್ನೊಂದರ ಲಿಂಕ್ ಕಳಿಸುತ್ತಾನೆ. ಹೆಂಡತಿ ಒತ್ತುತ್ತಾಳೆ. ಇದು ಅಪಾಯಕಾರಿ ಇರಬಹುದು ಎಂದು ಫೋನ್ ಎಚ್ಚರಿಸುತ್ತದೆ. ಹೆಂಡತಿ ಅದನ್ನು ಓದುವುದಿಲ್ಲ, 'ಅನುಮತಿಸಿ' ಎಂದು ಒತ್ತುತ್ತಾಳೆ. ಫೋಟೋ ನೋಡಲೇ? ಅನುಮತಿಸಿ. ನಂಬರುಗಳನ್ನು ನೋಡಲೇ? ಅನುಮತಿಸಿ. ಗಂಡನ ಮುಖ ಕಾಣುವ ತನಕ ಅನುಮತಿಸುತ್ತಲೇ ಹೋಗುವುದು. ವರ್ಷಗಟ್ಟಲೆ ಹೀಗೇ ಮಾಡಿ ನೆಬೀಸಳ ಬೆರಳಿಗೆ ಅದೇ ರೂಢಿಯಾಗಿತ್ತು.

ಬಸ್ ತಂಗುದಾಣದಲ್ಲಿ ಕೂತು ಅವಳು 'ವಿಡಿಯೋ ಡೌನ್‌ಲೋಡ್' ಎಂದು ಹುಡುಕಿದಳು. ಮೊದಲು ಕಂಡ ಪುಟದಲ್ಲಿ ದೊಡ್ಡ ಹಸಿರು ಗುಂಡಿ ಇತ್ತು. ಒತ್ತಿದಳು. ಹಾಡು ಬರಲಿಲ್ಲ, ಒಂದು ಆಪ್ ಬಂತು. ಅದು ಕೇಳಿದ್ದಕ್ಕೆಲ್ಲ ಅನುಮತಿಸಿದಳು. ಮತ್ತೆ ನೋಡಿದರೆ ಆ ಆಪ್ ಪರದೆಯ ಮೇಲೆ ಎಲ್ಲೂ ಇಲ್ಲ. ಹಾಳಾದದ್ದು ಹೋಯಿತು ಎಂದುಕೊಂಡು ಮನೆಗೆ ಬಂದಳು.

ಮರುದಿನ ಅದೇ ತಂಗುದಾಣದಲ್ಲಿ ಫೋನ್ ಟಿಣ್ ಎಂದಿತು. ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ ಬಂದಿತ್ತು. ಜುವೈರಿಯಾಳ ನಾದಿನಿ ಅಮೀರಾ ತಲೆಗೂದಲು ಬಿಚ್ಚಿ, ಮದರಂಗಿಯ ಕೈ ಎತ್ತಿ ನಗುತ್ತಿದ್ದಾಳೆ. ಕೆಳಗೆ ಎರಡು ಸಾಲು: ಹೇಳಿದಷ್ಟು ಹಣ ಹಾಕು, ಇಲ್ಲದಿದ್ದರೆ ನಿನ್ನ ಫೋನಿನಲ್ಲಿರುವ ಎಲ್ಲ ನಂಬರಿಗೂ ಇದು ಹೋಗುತ್ತದೆ.

ನೆಬೀಸ ಅದನ್ನು ಮತ್ತೆ ಮತ್ತೆ ನೋಡಿದಳು. ಯಾಕೆಂದರೆ ಆ ಫೋಟೋ ಬೇರೆ ಯಾರ ಬಳಿಯೂ ಇರಲು ಸಾಧ್ಯವಿರಲಿಲ್ಲ. ಜುವೈರಿಯಾಳ ಮದರಂಗಿಯ ದಿನ ಒಳಗೆ ಹೆಂಗಸರು ಮಾತ್ರ. ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟು ಬಂದವರ ಫೋನುಗಳನ್ನೆಲ್ಲ ಅದಕ್ಕೆ ಹಾಕಿಸಿದ್ದರು. ಆಮೇಲೆಯೇ ಹುಡುಗಿಯರು ತಲೆವಸ್ತ್ರ ತೆಗೆದು ಹಾಡಿದ್ದು, ಕುಣಿದದ್ದು. ನೆನಪಿಗೆ ಫೋಟೋ ಬೇಕಲ್ಲ ಎಂದು ಒಂದೇ ಫೋನನ್ನು ಬುಟ್ಟಿಗೆ ಹಾಕದೆ ಬಿಟ್ಟರು. ಅದು ಮದುಮಗಳ ತಾಯಿಯದ್ದು. ತಾಯಿಯ ಕೈಯಲ್ಲಿ ಇದ್ದರೆ ಭಯವಿಲ್ಲ ಎಂದವಳು ಇದೇ ಅಮೀರಾ. ಈಗ ಅವಳಿಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು, ನಿಶ್ಚಯ ಹತ್ತಿರದಲ್ಲಿತ್ತು.

ನೆಬೀಸ ಫೋನ್ ಆಫ್ ಮಾಡಿ ಅಕ್ಕಿಯ ಡಬ್ಬದೊಳಗೆ ಹುಗಿದಿಟ್ಟಳು. ಹುಗಿದಿಟ್ಟರೆ ಭಯ ಹೋಗುತ್ತದೆಯೇ? ಅನ್ನಕ್ಕೆ ಅಕ್ಕಿ ತೆಗೆಯುವಾಗೆಲ್ಲ ಅದು ಕೈಗೆ ತಾಗುತ್ತಿತ್ತು. ಯಾರಾದರೂ ಬಾಗಿಲಲ್ಲಿ ನಿಂತರೆ ಫೋಟೋ ನೋಡಿಯೇ ಬಂದರೋ ಎಂದು ಕಿಟಕಿಯಿಂದ ಇಣುಕುತ್ತಿದ್ದಳು. ಜುವೈರಿಯಾ ಕೇಳಿದರೆ ಬ್ಯಾಟರಿ ಕೆಟ್ಟಿದೆ ಎಂದಳು. ಬಸುರಿ ಮಗಳಿಗೆ ಹೇಳುವುದಾದರೂ ಹೇಗೆ? ಕೊನೆಗೆ ಕಿವಿಯ ಚಿನ್ನದ ಅಲಿಕತ್ತು ಬಿಚ್ಚಿ ಸೆರಗಿಗೆ ಕಟ್ಟಿದಳು. ಮಾರಿ ಹಣ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಹೊರಟೇಬಿಟ್ಟಿದ್ದಳು.

ಆಗ ಮೋಕ್ಷಿತಾ ಬಂದಳು. ಮೋಕ್ಷಿತಾ ಪಕ್ಕದ ಗೌಡರ ಮನೆಯ ಸೊಸೆ, ಪಂಚಾಯತಿನ ಗ್ರಂಥಾಲಯ ನೋಡಿಕೊಳ್ಳುವವಳು. ಫೋನು, ಕಂಪ್ಯೂಟರಿನ ತರಬೇತಿ ಎಲ್ಲಿದ್ದರೂ ಹೋಗುತ್ತಾಳೆ, ಬಂದ ಮೇಲೆ ನಮ್ಮ ಮಹಿಳಾ ಸಂಘದವರಿಗೆ ಕಲಿಸದೆ ಬಿಡುವುದಿಲ್ಲ. ನಾವು ಆಕಳಿಸಿದರೂ ಬಿಡುವುದಿಲ್ಲ.

"ನೆಬೀಸಕ್ಕ, ನಿಮ್ಮ ಫೋನ್ ಸಿಗುದಿಲ್ಲ ಅಂತ ಶಿಹಾಬಣ್ಣ ಹೆದರಿ ನನಗೆ ಮಾಡಿದ್ರು. ಎಂತಾಯ್ತು?" ಎಂದು ಕೇಳಿದಳು.

ನೆಬೀಸ ಏನಿಲ್ಲ ಎಂದಳು. ಆದರೆ ಬರಿಗಿವಿ ಸುಳ್ಳು ಹೇಳಲಿಲ್ಲ. ಮೋಕ್ಷಿತಾ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೂರಿಸಿದ ಮೇಲೆ ಎಲ್ಲವೂ ಅಳುತ್ತಾ ಹೊರಬಂತು.

"ಹಣ ಹಾಕಿದ್ರೆ ಫೋಟೋ ವಾಪಸ್ ಬರುದಿಲ್ಲ ಅಕ್ಕ. ಹಾಕುವವಳು ಅಂತ ಗೊತ್ತಾಗ್ತದೆ, ಅಷ್ಟೆ. ಮತ್ತೆ ಮತ್ತೆ ಕೇಳ್ತಾರೆ," ಎಂದಳು ಮೋಕ್ಷಿತಾ.

"ಅಮೀರಾಳ ಸಂಬಂಧ ಮುರಿದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕುದು?"

ಮೋಕ್ಷಿತಾ ಹೆದರಬೇಡಿ ಎನ್ನಲಿಲ್ಲ. ಹೆದರುವಂಥದ್ದೇ ಆಗಿತ್ತು. ಆದರೆ ಮಾಡಬೇಕಾದ್ದು ಅವಳಿಗೆ ಗೊತ್ತಿತ್ತು. ಫೋನ್ ಆನ್ ಮಾಡಿ ಮೊದಲು ಡೇಟಾ ಬಂದ್ ಮಾಡಿದಳು. ಬೆದರಿಕೆಯ ಸಂದೇಶವನ್ನು ಅಳಿಸಲು ಬಿಡದೆ, ಸಾಕ್ಷಿಗೆ ಬೇಕೆಂದು ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಸೆಟ್ಟಿಂಗ್ಸ್ ಒಳಗೆ ಅಡಗಿ ಕೂತಿದ್ದ ಆಪನ್ನು ಹುಡುಕಿ, ಹೆಸರು ಗುರುತು ಮಾಡಿಕೊಂಡು, ಕೊಟ್ಟ ಅನುಮತಿ ತೆಗೆದು, ಕಿತ್ತುಹಾಕಿದಳು. ಆಮೇಲೆ ಇಬ್ಬರೂ ಗುಡ್ಡೆ ಹತ್ತಿ ಮೋಕ್ಷಿತಾಳ ಫೋನಿನಿಂದ 1930ಕ್ಕೆ ಕರೆ ಮಾಡಿದರು. ಸೈಬರ್ ವಂಚನೆಗೆ ಸಿಕ್ಕಿದವರು ಕರೆ ಮಾಡುವ ಸಹಾಯವಾಣಿ ಅದು. ಪಾಸ್‌ವರ್ಡುಗಳನ್ನೂ ಅಲ್ಲೇ ಬದಲಿಸಿದರು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಅದಾದ ಮೇಲೆಯೇ ಫೋನಿನಲ್ಲಿದ್ದುದನ್ನೆಲ್ಲ ಪೂರ್ತಿ ಅಳಿಸಿ, ಹೊಸತರ ಹಾಗೆ ಮಾಡಿಕೊಂಡದ್ದು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೋಕ್ಷಿತಾ ಇನ್ನೊಂದು ಮಾತು ಹೇಳಿದಳು. ನೆಬೀಸಳಿಗೆ ಠಾಣೆಗಿಂತ ಕಷ್ಟವಾದದ್ದು ಅದು.

"ಅಮೀರಾಳಿಗೆ ನೀವೇ ಹೇಳ್ಬೇಕು. ಆ ಫೋಟೋ ಕದ್ದವನಿಂದ ಗೊತ್ತಾಗುವ ಮೊದಲು."

ನೆಬೀಸ ಮಗಳಿಗೆ ಹೇಳಿ, ಅವಳನ್ನು ಮೋಕ್ಷಿತಾಳ ಅತ್ತೆಯ ಬಳಿ ಬಿಟ್ಟು ಪುತ್ತೂರಿಗೆ ಹೋದಳು. ಬೀಗರ ಮನೆಯಲ್ಲಿ ಕೊಟ್ಟ ಶರಬತ್ತನ್ನು ಬದಿಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅಮೀರಾಳ ತಾಯಿ ಬೈದರು. ಬೈಯದೆ ಇರುತ್ತಾರೆಯೇ? ನಂಬಿ ಬಿಟ್ಟ ಫೋನಲ್ಲವೇ ಅದು ಎಂದು ಕೇಳಿದರು. ಅಮೀರಾ ತಾಯಿಯ ಕೈ ಹಿಡಿದು, "ಹುಡುಗನ ಮನೆಯವರಿಗೆ ನಾವೇ ಮೊದಲು ಹೇಳುವಾ ಉಮ್ಮ. ಕದ್ದವನಿಗೆ ನಾಚಿಕೆ ಬೇಕು, ನನಗೆ ಯಾಕೆ?" ಎಂದಳು.

ಹೇಳಿದರು. ಹುಡುಗನ ಮನೆಯವರು ಉತ್ತರ ಕೊಡುವ ತನಕ ಎರಡೂ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಹುಡುಗನ ತಾಯಿಯೇ ಫೋನ್ ಮಾಡಿ, ನಮಗೂ ಹೆಣ್ಣುಮಕ್ಕಳಿದ್ದಾರೆ, ನಿಶ್ಚಯ ನಿಲ್ಲುವುದು ಬೇಡ ಎಂದರು.

ಇಷ್ಟೆಲ್ಲ ಆದರೂ ಹಾಡು ಬಂದಿರಲಿಲ್ಲ. ಖರ್ಚಿಲ್ಲದ ಸುಲಭದ ದಾರಿ ಒಂದು ಉಂಟು ಎಂದು ಮೋಕ್ಷಿತಾ ಹೇಳಿದರೆ ನೆಬೀಸ ಬೇಡವೇ ಬೇಡ ಎಂದು ಕೈಮುಗಿದಳು. ಎಲ್ಲ ತಿಳಿದಿದ್ದ ಶಿಹಾಬ್ ದುಬೈಯಿಂದ ಮೋಕ್ಷಿತಾಳ ಫೋನಿಗೆ ಕರೆ ಮಾಡಿ ಸಿಟ್ಟಿನಲ್ಲೇ ಕೇಳಿದ:

"ಅದೂ ಪುಕ್ಕಟೆ, ಇದೂ ಪುಕ್ಕಟೆ. ಒಂದು ಸಲ ಸುಟ್ಟದ್ದು ಸಾಲದಾ ಮಾರಾಯ್ತಿ?"

"ಪುಕ್ಕಟೆಯಾ ಅಂತ ನೋಡಿದ್ರೆ ಸಾಲದು ಅಣ್ಣ. ನಮ್ಮ ಹತ್ರ ಎಂತ ಕೇಳ್ತದೆ ಅಂತ ನೋಡ್ಬೇಕು," ಎಂದಳು ಮೋಕ್ಷಿತಾ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟ್ ತೆರೆದು ತೋರಿಸಿದಳು. ಬರಿದಾದ ಪುಟ, ನಡುವೆ ಒಂದೇ ಖಾಲಿ ಜಾಗ. ಜಾಹೀರಾತು ಇಲ್ಲ, ಮಿಣುಕುವ ಹಸಿರು ಗುಂಡಿ ಇಲ್ಲ. ಹೆಸರು ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ, ಆಪ್ ಹಾಕು ಎನ್ನಲಿಲ್ಲ. ಇದನ್ನು ಮಾಡಿದವರು ಬಳಸುವವರ ದೇಣಿಗೆಯಿಂದ ನಡೆಸುತ್ತಾರೆ, ಇಳಿಸಿಕೊಂಡದ್ದರ ಲೆಕ್ಕ ಇಟ್ಟುಕೊಳ್ಳುವುದಿಲ್ಲ ಎಂದು ಬರೆದಿದ್ದಾರೆ, ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ಪರೀಕ್ಷಿಸಲೆಂದು ಬಹಿರಂಗವಾಗಿಯೇ ಇಟ್ಟಿದ್ದಾರೆ ಎಂದು ಮೋಕ್ಷಿತಾ ವಿವರಿಸಿದಳು. ಇದೇ ಹೆಸರಿನ ನಕಲಿಗಳೂ ಇರುತ್ತವೆ, ಆದ್ದರಿಂದ ವಿಳಾಸವನ್ನು ಅಕ್ಷರ ಅಕ್ಷರ ನೋಡಿ ತೆರೆಯಬೇಕು, ಇನ್ನೊಬ್ಬರ ಸಿನಿಮಾ, ಹಾಡುಗಳನ್ನು ಒಪ್ಪಿಗೆ ಇಲ್ಲದೆ ಇಳಿಸುವುದು ತಪ್ಪು ಎಂದೂ ಹೇಳಿದಳು.

ಶಿಹಾಬ್ ಬಿಡಲಿಲ್ಲ. ಅದು ನಡುವೆ ಫೋಟೋ ನೋಡಲೇ ಎಂದು ಕೇಳಿದರೆ?

"ಕೇಳಿದ ಕೂಡಲೇ ಮುಚ್ಚುದು. ವಿಡಿಯೋ ಇಳಿಸುವುದಕ್ಕೆ ನಮ್ಮ ಮನೆಯ ಹುಡುಗಿಯರ ಫೋಟೋ ಎಂತಕ್ಕೆ?"

ಹಾಗಾದರೆ ಹಾಕಿ ನೋಡಿ ಎಂದ ಶಿಹಾಬ್. ನೆಬೀಸ ಹಾಡಿನ ಲಿಂಕನ್ನು ಖಾಲಿ ಜಾಗಕ್ಕೆ ಹಾಕಿದಳು. ಏನೂ ಕೇಳದೆ ಹಾಡು ಇಳಿಯಿತು. ಮೋಕ್ಷಿತಾ ಅದನ್ನು ಕಂಪ್ಯೂಟರಿನಿಂದ ನೆಬೀಸಳ ಫೋನಿಗೆ ಹಾಕಿಕೊಟ್ಟಳು. ಆ ದಿನ ರೇಂಜ್ ಇಲ್ಲದ ಮನೆಯೊಳಗೆ ಅಜ್ಜಿ ಹಾಡಿದರು, ಜುವೈರಿಯಾ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು. ಇನ್ನು ಮುಂದೆ ಹೆಂಡತಿಗೆ ಆಪ್‌ನ ಲಿಂಕ್ ಕಳಿಸುವುದಿಲ್ಲ, ಬೇಕಾದ್ದನ್ನು ಫೋನಿನ ಅಧಿಕೃತ ಅಂಗಡಿಯಿಂದಲೇ ತೆಗೆದುಕೊಳ್ಳೋಣ ಎಂದು ಶಿಹಾಬ್ ತಾನಾಗಿ ಹೇಳಿದ.

ಆ ಫೋಟೋ ಇದುವರೆಗೆ ಎಲ್ಲೂ ಬಂದಿಲ್ಲ. ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಫೋನ್ ಟಿಣ್ ಎಂದರೆ ನೆಬೀಸ ಈಗಲೂ ಬೆಚ್ಚುತ್ತಾಳೆ.

ಅಮೀರಾಳ ಮದರಂಗಿಯ ದಿನ ಬಾಗಿಲಲ್ಲಿ ಮತ್ತೆ ಬುಟ್ಟಿ ಇಟ್ಟಿದ್ದರು. ಎಲ್ಲರಿಗಿಂತ ಮೊದಲು ತನ್ನ ಫೋನನ್ನು ಹಾಕಿದವಳು ನೆಬೀಸ. ಹಾಕಿ, ಮೊಮ್ಮಗುವನ್ನೆತ್ತಿಕೊಂಡು ಮೂಲೆಯಲ್ಲಿ ಹೋಗಿ ಕೂತಳು. ಮದುಮಗಳು ಎದ್ದುಬಂದು ಬುಟ್ಟಿಯಿಂದ ಅದೇ ಫೋನನ್ನು ತೆಗೆದು ಅವಳ ಕೈಗೆ ಕೊಟ್ಟಳು.

"ಫೋಟೋ ನೀವೇ ತೆಗೀಬೇಕು ಮಾಮಿ. ಹೆದರಿಕೆ ಎಂತ ಅಂತ ಗೊತ್ತಿರುವವರ ಕೈಯಲ್ಲೇ ಇರ್ಲಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಫೋನ್ ತೆರೆದು ನೋಡಿ. ಅದರಲ್ಲಿ ಯಾರು ಯಾರ ಮುಖ ಉಂಟು? ಅವರೆಲ್ಲ ನಿಮ್ಮನ್ನು ನಂಬಿ ನಕ್ಕವರು. ಗೊತ್ತಿಲ್ಲದ ಆಪ್ ಅನುಮತಿ ಕೇಳಿದಾಗ ಅದು ಕೇಳುತ್ತಿರುವುದು ನಿಮ್ಮೊಬ್ಬರನ್ನಲ್ಲ, ಅವರೆಲ್ಲರನ್ನೂ. ಒಂದು ಹಾಡಿಗಾಗಿ ಆಪ್ ಹಾಕಬೇಡಿ. ಹೆಸರು, ನಂಬರ್, ಫೋಟೋ ಯಾವುದನ್ನೂ ಕೇಳದ ದಾರಿ ಉಂಟು, ಗೊತ್ತಿಲ್ಲದಿದ್ದರೆ ನಿಮ್ಮ ಗ್ರಂಥಾಲಯದಲ್ಲಿ ಕೇಳಿ ತಿಳಿದುಕೊಳ್ಳಿ. ಕೈತಪ್ಪಿ ಒತ್ತಿಬಿಟ್ಟಿದ್ದೀರಾ? ಹಣ ಹಾಕಬೇಡಿ, ಫೋನನ್ನು ಅಕ್ಕಿಯೊಳಗೆ ಹುಗಿಯಬೇಡಿ. 1930ಕ್ಕೆ ಹೇಳಿ, ಠಾಣೆಯಲ್ಲಿ ಹೇಳಿ, ಯಾರ ಮುಖವೋ ಅವರಿಗೆ ಹೇಳಿ. ಇವತ್ತೇ ಹೇಳಿ.