ಹೆಂಚಿನ ಕಾರ್ಖಾನೆಯ ಬಣ್ಣದಾಟ

ಬೆನ್ನಿನ ತುಂಬ ಕೆಂಪು ಮೆತ್ತಿಕೊಂಡ ಬಿಳಿ ಅಂಗಿಯೊಂದು ನಮ್ಮ ಊರಿನ ಬಸ್ ನಿಲ್ದಾಣವನ್ನು ಹಾದು ನಡೆದುಹೋಯಿತು. ನಮ್ಮ ಕಷ್ಟಗಳೆಲ್ಲ ಶುರುವಾದದ್ದು ಅಲ್ಲಿಂದ. ಅಂಗಿ ತೊಟ್ಟಿದ್ದ ಕಾಲೇಜು ಹುಡುಗ ಆಟ ಗೆದ್ದ ಖುಷಿಯಲ್ಲಿ ಶಿಳ್ಳೆ ಹಾಕುತ್ತಿದ್ದ. ಅವನನ್ನು ಕಂಡ ಹೂವಿನವಳು ಬುಟ್ಟಿ ಬಿಟ್ಟು ಎದ್ದಳು, ಯಾರೋ ಆಟೋ ಕರೆದರು, ಯಾರೋ ನೀರು ತಂದರು. ಇದು ಬರೀ ಬಣ್ಣ, ಒಗೆದರೆ ಹೋಗುತ್ತದೆ ಎಂದು ಅವನು ಹೇಳುವಷ್ಟರಲ್ಲಿ ಸುದ್ದಿ ಪೇಟೆಯನ್ನು ದಾಟಿತ್ತು. ಮುಚ್ಚಿದ ಹೆಂಚಿನ ಕಾರ್ಖಾನೆಯಲ್ಲಿ ಮಕ್ಕಳಿಗೆ ಬಂದೂಕು ಹೊಡೆಯುವುದನ್ನು ಕಲಿಸುತ್ತಾರಂತೆ ಎಂದು ಊರು ಮಾತಾಡಿಕೊಂಡಿತು.

ಕಲಿಸುತ್ತಿದ್ದವಳು ನಾನು. ಕಬಡ್ಡಿ ಆಡಿ ಮಂಡಿ ಕೆಡಿಸಿಕೊಂಡು ಸುಮ್ಮನೆ ಕೂತಿದ್ದ ಕಾಲದಲ್ಲಿ, ಬೇರೊಂದು ಊರಿನಲ್ಲಿ ಗೆಳತಿಯೊಬ್ಬಳ ಒತ್ತಾಯಕ್ಕೆ ಪೇಂಟ್‌ಬಾಲ್ ಆಡಿದ್ದೆ. ಗಾಳಿಯ ಒತ್ತಡದ ಬಂದೂಕಿನಿಂದ ಬಣ್ಣದ ಗುಳಿಗೆ ಹಾರಿಸುವ ಆಟ. ಗುಳಿಗೆ ತಾಗಿದರೆ ಒಡೆಯುತ್ತದೆ, ತಾಗಿಸಿಕೊಂಡವರು ಹೊರಗೆ. ಎದುರಾಳಿಯ ಬಾವುಟ ತಂದವರು ಗೆದ್ದಂತೆ. ಓಡಲಾರದವರೂ ಹೊಂಚು ಹಾಕಿ ಗೆಲ್ಲಬಹುದಾದ ಆ ಆಟ ನನ್ನನ್ನು ಹಿಡಿದುಬಿಟ್ಟಿತು. ಊರಿಗೆ ಬಂದವಳೇ ಕಾರ್ಖಾನೆಯ ಅಂಗಳವನ್ನು ಗುತ್ತಿಗೆಗೆ ಹಿಡಿದೆ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಇಸಾಕ್ ಜೊತೆಗೆ ಸೇರಿಕೊಂಡ. ಇಬ್ಬರೂ ಸೇರಿ ಒಡೆದ ಹೆಂಚುಗಳನ್ನೆಲ್ಲ ಹೊರಗೆ ಸಾಗಿಸಿ, ಮರೆಗೆಂದು ಡ್ರಮ್ಮುಗಳನ್ನೂ ಲಾರಿ ಟಯರುಗಳನ್ನೂ ನಿಲ್ಲಿಸಿದೆವು.

ಅಂಗಿಯ ಪ್ರಸಂಗವಾದ ಮೇಲೆ, ಆಡಲು ಬರುತ್ತಿದ್ದ ನಾಲ್ಕು ಜನರೂ ಬರುವುದನ್ನು ಬಿಟ್ಟರು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ತಾಯಂದಿರು ನಮ್ಮ ಗೇಟು ಬಂದಾಗ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ನಾವು ಕೆಂಪು ಬಣ್ಣವನ್ನೇ ಬಿಟ್ಟೆವು. ಹಳದಿ, ನೀಲಿ, ಹಸಿರು ಮಾತ್ರ ತರಿಸಿದೆವು. ಗೇಟಿನ ಮೇಲಿನ ‘ರಣರಂಗ’ ಎಂಬ ಬೋರ್ಡನ್ನು ಇಳಿಸಿ ‘ಬಣ್ಣದಾಟ’ ಎಂದು ಬರೆಸಿದೆವು. ಭಾನುವಾರ ದುಡ್ಡಿಲ್ಲದೆ ಆಡಬಹುದು ಎಂದು ಸಾರಿದೆವು. ಆ ಭಾನುವಾರ ಇಸಾಕನೂ ನಾನೂ ಡ್ರಮ್ಮಿನ ಮೇಲೆ ಕೂತು ಕಡಲೆಕಾಯಿ ತಿಂದು ಮನೆಗೆ ಹೋದೆವು.

ಕೊನೆಗೆ ಪುರಸಭೆಗೆ ದೂರು ಹೋಯಿತು. ಸಭೆಯಲ್ಲಿ ಎದ್ದು ಮಾತಾಡಿದವರು ಅಂಬುಜಾಕ್ಷಿ ಟೀಚರ್. ಊರಿನ ಅರ್ಧ ಜನರಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ನನಗೂ ಕಲಿಸಿದವರೇ. ಅವರು ಕೂಗಾಡಲಿಲ್ಲ. "ಮನುಷ್ಯರ ಕಡೆ ಗುರಿ ಇಡೋದು ಆಟ ಅಲ್ಲ. ಅದನ್ನ ಮುಚ್ಚಿಸಿ" ಎಂದಷ್ಟೇ ಹೇಳಿ ಕೂತರು. ಮುಂದಿನ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದರು ಅಧ್ಯಕ್ಷರು. ತೀರ್ಮಾನ ಏನಾಗಬಹುದೆಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ನಾನು ಟೀಚರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಬಾ, ಕೂತ್ಕೋ. ಬಯ್ಯೋಕೆ ಬಂದ್ಯಾ?"

"ಇಲ್ಲ ಟೀಚರ್. ಒಂದು ಸಲ ಬಂದು ನೋಡಿ ಅಂತ ಕೇಳೋಕೆ ಬಂದೆ. ನೋಡಿದ ಮೇಲೂ ಮುಚ್ಚು ಅಂದ್ರೆ, ಸಭೆಗೆ ಕಾಯಲ್ಲ, ನಾನೇ ಬೀಗ ಹಾಕ್ತೀನಿ."

ಅವರು ತಲೆ ಎತ್ತಲಿಲ್ಲ. "ಆ ಹುಡುಗನ ಅಂಗೀನ ಬಸ್ ಸ್ಟ್ಯಾಂಡಲ್ಲಿ ನಾನೂ ನೋಡಿದೆ. ಮನೆಗೆ ಬಂದು ಮಲಗಿದವಳು ಎರಡು ದಿನ ಏಳಲಿಲ್ಲ" ಎಂದರು. ನಾನೂ ಸೊಪ್ಪು ಬಿಡಿಸತೊಡಗಿದೆ. ಬುಟ್ಟಿ ಖಾಲಿಯಾದ ಮೇಲೆ ಅವರು, "ಶನಿವಾರ ಬೆಳಿಗ್ಗೆ ಬರ್ತೀನಿ" ಎಂದರು.

ಶನಿವಾರ ಕೊಡೆ ಹಿಡಿದುಕೊಂಡು ಬಂದವರು ಗೇಟಿನ ಹೊರಗೆ ತುಂಬ ಹೊತ್ತು ನಿಂತರು. ಕರೆಯಲು ಹೊರಟ ನನ್ನನ್ನು ಇಸಾಕ್ ತಡೆದ. "ಬಿಡಿ ಅಕ್ಕ, ಅವರಾಗೇ ಬರ್ಲಿ" ಎಂದ. ಆಮೇಲೆ ಅವರಾಗಿಯೇ ಒಳಗೆ ಬಂದು, ಗುಳಿಗೆ ಹೊರಗೆ ಹಾರದಂತೆ ಕಟ್ಟಿದ್ದ ಬಲೆಯ ಈಚೆ ಹಾಕಿದ್ದ ಬೆಂಚಿನ ಮೇಲೆ ಕೂತರು.

ಆಡಲು ಜನವಿಲ್ಲದೆ, ಕಾಡಿ ಬೇಡಿ ಹಳೆಯ ಹುಡುಗರನ್ನು ಕರೆಸಿದ್ದೆ. ಮುಖಕ್ಕೆ ಮುಖವಾಡ ಕಟ್ಟಿಕೊಂಡು ಅವರು ಒಳಗಿಳಿದರು. ಸ್ವಲ್ಪ ಹೊತ್ತಿಗೇ ಒಬ್ಬನ ಭುಜಕ್ಕೆ ಹಳದಿ ತಾಗಿತು. ಅವನು ಕೈ ಮೇಲಕ್ಕೆತ್ತಿ ಎದ್ದು ನಿಂತ. ಎದುರಿನವರು ಕೂಡಲೇ ನಳಿಗೆಗಳನ್ನು ನೆಲದ ಕಡೆಗೆ ತಿರುಗಿಸಿದರು. ಅವನು ಅವರ ನಡುವೆಯೇ ಹಾದು, ನಗುತ್ತ ಹೊರಗೆ ಬಂದ.

ಟೀಚರು ಬೆಂಚಿನಿಂದ ಎದ್ದಿದ್ದರು. "ಆಟ ನಿಲ್ಲಿಸು" ಎಂದರು. ನಾನು ಸೀಟಿ ಊದಿದೆ.

"ಅವನು ಕೈ ಎತ್ತಿದ ಮೇಲೆ ಯಾರಾದ್ರೂ ಹೊಡೆದಿದ್ರೆ?"

"ಹೊಡೆದವರನ್ನ ಹೊರಗೆ ಹಾಕ್ತೀವಿ ಟೀಚರ್. ಅವತ್ತು ಮತ್ತೆ ಒಳಗೆ ಬಿಡಲ್ಲ."

"ಗೊತ್ತಿಲ್ಲದೆ ಹೊಡೆದೆ ಅಂದ್ರೆ?"

"ಅಂದ್ರೂ ಅಷ್ಟೇ. ಕೈ ಮೇಲಿದ್ರೆ ಹೊಡೆಯೋ ಹಾಗಿಲ್ಲ. ಈ ಆಟದಲ್ಲಿ ಮೊದಲು ಹೇಳಿಕೊಡೋದೇ ಅದು."

ಅವರು ಕೊಡೆಯನ್ನು ಊರಿಕೊಂಡು ಗೇಟಿನ ಕಡೆ ನೋಡಿದರು. "ನನ್ನ ತಮ್ಮ ಮಾಧು ಇಲ್ಲೇ ಕೆಲಸಕ್ಕಿದ್ದ. ಮುಷ್ಕರದ ದಿನ ಆ ಗೇಟಿನ ಹತ್ತಿರ ಪೊಲೀಸರು ಗುಂಡು ಹಾರಿಸಿದ್ರು. ಅವನು ಎರಡೂ ಕೈ ಎತ್ತಿಕೊಂಡು ಮುಂದೆ ಹೋದ್ನಂತೆ, ಮಾತಾಡೋಣ ಅಂತ. ನೋಡಿದವರು ಹೇಳಿದ್ರು. ಆಮೇಲೆ ನಾನು ಈ ಗೇಟು ದಾಟಿದ್ದು ಇವತ್ತೇ."

ಹುಡುಗರು ಮುಖವಾಡ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಹುಟ್ಟುವ ಮುಂಚಿನ ಆ ಸಾವಿನ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ಹೊತ್ತು ಇವರ ಮನಸ್ಸು ಗೆಲ್ಲುವ ಉಪಾಯ ಹುಡುಕುತ್ತಿದ್ದ ನನಗೆ ಈಗ ಅದೆಲ್ಲ ಬೇಡವೆನಿಸಿತು. "ಟೀಚರ್, ಬೀಗ ಹಾಕಿಬಿಡ್ತೀನಿ" ಎಂದೆ.

"ಹಾಕು ಅಂದೆನಾ ನಾನು?" ಅವರು ಕಣ್ಣೊರೆಸಿಕೊಂಡರು. "ಹೇಗೆ ಹಿಡ್ಕೋಬೇಕು ಅದನ್ನ, ತೋರ್ಸು."

ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಇಸಾಕನ ದಪ್ಪ ಜಾಕೆಟ್ಟು ತೊಟ್ಟು, ಕನ್ನಡಕದ ಮೇಲೆಯೇ ಮುಖವಾಡ ಕಟ್ಟಿಸಿಕೊಂಡು ಅವರು ಅಂಗಳಕ್ಕೆ ಇಳಿದರು. ಹುಡುಗರು ಗುರಿ ತಪ್ಪಿಸಿ ಹೊಡೆಯುತ್ತಿದ್ದರು. ಅದು ಅವರಿಗೆ ಗೊತ್ತಾಯಿತು. "ಸರಿಯಾಗಿ ಆಡ್ರೋ" ಎಂದು ತರಗತಿಯಲ್ಲಿ ಗದರುವಂತೆ ಗದರಿದರು. ಆಗ ಒಂದು ನೀಲಿ ಗುಳಿಗೆ ಅವರ ತೋಳಿಗೆ ಬಂದು ಒಡೆಯಿತು.

ಅಂಬುಜಾಕ್ಷಿ ಟೀಚರು ಕೈ ಎತ್ತಿದರು.

ಡ್ರಮ್ಮಿನ ಹಿಂದಿದ್ದವರು, ಟಯರಿನ ಮರೆಯಲ್ಲಿದ್ದವರು, ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಳಿಗೆ ತಗ್ಗಿಸಿದರು. ಟೀಚರು ಹೊರಗೆ ಬರಬಹುದಿತ್ತು, ಬರಲಿಲ್ಲ. ಎತ್ತಿದ ಕೈ ಎತ್ತಿಕೊಂಡೇ ಗೇಟಿಗೆ ಮುಖಮಾಡಿ ನಿಂತರು. ಯಾರೂ ಅಲುಗಲಿಲ್ಲ. ಕೊನೆಗೆ ಕೈ ಇಳಿಸಿ, ನಿಧಾನವಾಗಿ ನಡೆದು ಬಂದು ನನ್ನ ಪಕ್ಕ ಕೂತಾಗ ಅವರ ಉಸಿರು ಹಗುರಾಗಿತ್ತು. "ಚುರುಕ್ ಅಂತು, ಅಷ್ಟೇ" ಎಂದು ತೋಳು ಉಜ್ಜಿಕೊಂಡರು.

ಮುಂದಿನ ಸಭೆಯಲ್ಲಿ ಅವರು ಮತ್ತೆ ಎದ್ದು ನಿಂತರು. "ನಾನು ಮುಚ್ಚಿಸಿ ಅಂದಿದ್ದೆ. ಈಗ ಹೋಗಿ ಆಡಿ ಬಂದಿದ್ದೀನಿ. ಕೈ ಎತ್ತಿದವರಿಗೆ ಹೊಡೆಯಬಾರದು ಅಂತ ಅಲ್ಲಿ ಕಲಿಸ್ತಾರೆ. ಊರಿನ ಮಕ್ಕಳು ಅದನ್ನ ಕಲೀಲಿ. ಹೊಸಬರಿಗೆ ಆ ಪಾಠ ನಾನೇ ಮಾಡ್ತೀನಿ." ಅಧ್ಯಕ್ಷರೂ ಒಂದು ಕಾಲಕ್ಕೆ ಅವರ ವಿದ್ಯಾರ್ಥಿ, ಎರಡನೆಯ ಮಾತಿಲ್ಲದೆ ದೂರನ್ನು ಬದಿಗಿಟ್ಟರು.

ಆಮೇಲೆ ನಾವು ಯಾರನ್ನೂ ಕರೆಯಬೇಕಾಗಲಿಲ್ಲ. ಟೀಚರು ಹೇಳಿದರೆಂದು ತಾಯಂದಿರು ಮಕ್ಕಳ ಜೊತೆ ನೋಡಲು ಬಂದರು. ನೋಡಿದವರು ಮರುವಾರ ಚೂಡಿದಾರ ತೊಟ್ಟು ಆಡಲೇ ಬಂದರು. ಬ್ಯಾಂಕಿನವರು, ದರ್ಜಿಗಳು, ಹೂವಿನವಳ ಸೊಸೆ, ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತು ಮೊದಲು ಟೀಚರ ಪಾಠ ಕೇಳಬೇಕಿತ್ತು. ವರ್ಷ ತುಂಬುವುದರೊಳಗೆ ಊರಿನ ಹೆಂಗಸರ ತಂಡವೊಂದು ತಯಾರಾಯಿತು. ಪಕ್ಕದ ಊರಿನ ಹುಡುಗರ ತಂಡ ಆಡಲು ಬಂದ ದಿನ ಸುತ್ತಲಿನ ಪೌಳಿಗೋಡೆಯ ಮೇಲೂ ಜನ ಹತ್ತಿದ್ದರು. ಆ ಹುಡುಗರು ಓಡುವವರ ಮೇಲಷ್ಟೇ ಕಣ್ಣಿಟ್ಟರು. ವಯಸ್ಸಾದವರು ಹಿಂದೆ ಎಲ್ಲೋ ಕೂತಿರಬೇಕೆಂದುಕೊಂಡರು. ಅಂಬುಜಾಕ್ಷಿ ಟೀಚರು ಹಿಂದೆ ಹೆಂಚು ಸುಡುತ್ತಿದ್ದ ಗೂಡುಗಳ ಹಿಂಬದಿಯಿಂದ ಸಂತೆಗೆ ಹೋಗುವವರಂತೆ ನಡೆದುಹೋಗಿ, ಅವರ ಬಾವುಟವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹಾಗೆಯೇ ನಡೆದು ಬಂದರು. ಊರು ಎದ್ದು ಚಪ್ಪಾಳೆ ತಟ್ಟಿತು. ಪೌಳಿಯ ಮೇಲಿದ್ದ ಅಧ್ಯಕ್ಷರಿಗೆ ಇಳಿಯಲು ಏಣಿ ತರಬೇಕಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಇಸಾಕನೂ ನಾನೂ ಮುಖವಾಡಗಳನ್ನು ತೊಳೆದು, ಗೂಡಿನಿಂದ ಹೊಗೆಕೊಳವೆಯವರೆಗೆ ಕಟ್ಟಿದ್ದ ತಂತಿಗೆ ಒಂದೊಂದಾಗಿ ನೇತುಹಾಕಿದೆವು. ಹಿಂದೆಲ್ಲ ಆ ತಂತಿಯ ಒಂದು ಮೂಲೆ ಸಾಕಾಗುತ್ತಿತ್ತು. ಅಂದು ಇಡೀ ತಂತಿ ನಡುವೆ ಜೋತು ನೆಲ ಮುಟ್ಟುವಂತಾಗಿತ್ತು. ಅದರ ಉದ್ದಕ್ಕೂ ಹಳದಿ, ನೀಲಿ, ಹಸಿರು ನೀರು ಕಾರ್ಖಾನೆಯ ನೆಲದ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.